41ನೇ ನಂಬರಿನ ಬಾಗಿಲು

ಲಿನಕ್ಸ್ ಬಳಸುವವರ ಬಳಿ ಎಸ್‌ಟ್ರೇಸ್ ಎಂಬ ಪುಟ್ಟ ಸಲಕರಣೆಯೊಂದಿದೆ. ಯಾವುದಾದರೂ ಪ್ರೋಗ್ರಾಮಿನ ಪಕ್ಕದಲ್ಲಿ ಕೂತು, ಅದು ಲಿನಕ್ಸಿನ ತಿರುಳಾದ ಕರ್ನಲ್ಲಿನ ಹತ್ತಿರ ಏನೇನು ಕೇಳುತ್ತಿದೆ ಎಂದು ಸಾಲುಸಾಲಾಗಿ ಬರೆದು ತೋರಿಸುವುದು ಅದರ ಕೆಲಸ. ಪೈಥಾನ್ ಭಾಷೆಯಲ್ಲಿ ನಾಲ್ಕಾರು ಸಾಲಿನ ವೆಬ್ ಸರ್ವರ್ ಬರೆದು ಅದರ ಪಕ್ಕ ಎಸ್‌ಟ್ರೇಸ್ ಕೂರಿಸಿದರೆ ಪರದೆಯ ತುಂಬ ನೂರಾರು ಸಾಲು ಉಕ್ಕಿ ಬರುತ್ತವೆ. ಈ ಫೈಲು ಇದೆಯೇ, ಆ ಲೈಬ್ರರಿ ಎಲ್ಲಿದೆ, ಇಷ್ಟು ಮೆಮೊರಿ ಕೊಡು, ಇನ್ನಷ್ಟು ಕೊಡು. ಈ ಗದ್ದಲವೆಲ್ಲ ಮುಗಿದ ಮೇಲೆ ಕೊನೆಯಲ್ಲಿ ನೆಟ್‌ವರ್ಕಿಗೆ ಸಂಬಂಧಪಟ್ಟ ಕೆಲವೇ ಸಾಲು ಕಾಣಿಸುತ್ತವೆ: ಸಾಕೆಟ್, ಬೈಂಡ್, ಲಿಸನ್, ಆಕ್ಸೆಪ್ಟ್.

ಅದೇ ಸರ್ವರನ್ನು ಸಿ ಭಾಷೆಯಲ್ಲಿ ಬರೆದರೂ ಈ ನಾಲ್ಕು ಬರುತ್ತವೆ, ರಸ್ಟ್‌ನಲ್ಲಿ ಬರೆದರೂ ಬರುತ್ತವೆ. ಉಳಿದದ್ದೆಲ್ಲ ಆಯಾ ಭಾಷೆಯ ಸಂಸಾರ. ಹಾಗಿದ್ದರೆ ಆ ಸಂಸಾರವನ್ನೆಲ್ಲ ಹೊರಗಿಟ್ಟು, ಈ ನಾಲ್ಕು ಬೇಡಿಕೆಗಳನ್ನು ಮಾತ್ರ, ಯಾವ ಲೈಬ್ರರಿಯ ನೆರವೂ ಇಲ್ಲದೆ ಕರ್ನಲ್ಲಿಗೆ ಸಲ್ಲಿಸಲು ಸಾಧ್ಯವೇ? ಸಾಧ್ಯ. ಅದಕ್ಕೆ ಅಸೆಂಬ್ಲಿ ಭಾಷೆಗೆ ಇಳಿಯಬೇಕು. ಪ್ರೊಸೆಸರ್ ಪಾಲಿಸುವ ಒಂದೊಂದು ಆಜ್ಞೆಗೂ ಒಂದೊಂದು ಚುಟುಕು ಹೆಸರಿರುವ ಭಾಷೆ ಅದು. ಅಲ್ಲಿ ವಸ್ತುಗಳಿಲ್ಲ, ಪಟ್ಟಿಗಳಿಲ್ಲ, ಪದಗಳೂ ಇಲ್ಲ. ಪ್ರೊಸೆಸರಿನೊಳಗೆ ರಿಜಿಸ್ಟರ್ ಎಂಬ ಕೆಲವೇ ಖಾನೆಗಳಿವೆ, ಹೊರಗೆ ಮೆಮೊರಿಯಿದೆ, ಎರಡರಲ್ಲೂ ಇರುವುದು ಬರೀ ಸಂಖ್ಯೆ.

ಈ ಅಧ್ಯಾಯದಲ್ಲಿ ಕಟ್ಟುವ ಸರ್ವರಿನ ಗುರಿ ಚಿಕ್ಕದು. ಅದೇ ಕಂಪ್ಯೂಟರಿನ ಬ್ರೌಸರಿನಲ್ಲಿ 127.0.0.1 ಎಂಬ ವಿಳಾಸ, 8080 ಎಂಬ ಪೋರ್ಟ್ ಕೊಟ್ಟರೆ ಪರದೆಯ ಮೇಲೆ ‘ನಮಸ್ಕಾರ’ ಎಂದು ಮೂಡಬೇಕು.

ಮೊದಲು ಒಂದು ಬೇಲಿಯನ್ನು ಗಮನಿಸಬೇಕು. ಇಂದಿನ 64 ಬಿಟ್ ಇಂಟೆಲ್ ಮತ್ತು ಎಎಂಡಿ ಪ್ರೊಸೆಸರುಗಳಲ್ಲಿ ಸಾಮಾನ್ಯ ಪ್ರೋಗ್ರಾಮುಗಳು ‘ರಿಂಗ್ 3’ ಎಂಬ ಸ್ಥಿತಿಯಲ್ಲಿ ಓಡುತ್ತವೆ, ಕರ್ನಲ್ ‘ರಿಂಗ್ 0’ಯಲ್ಲಿ ಓಡುತ್ತದೆ. ರಿಂಗ್ 3ರಲ್ಲಿರುವವರಿಗೆ ನೆಟ್‌ವರ್ಕ್ ಕಾರ್ಡನ್ನು ಮುಟ್ಟುವ ಅಧಿಕಾರವಿಲ್ಲ. ಬೇಲಿ ದಾಟಿ ಕರ್ನಲ್ಲಿನ ಕೈಗೆ ಕೆಲಸ ಒಪ್ಪಿಸಲು ಇರುವುದು ಒಂದು ಆಜ್ಞೆ: ಸಿಸ್‌ಕಾಲ್. ಮೆಮೊರಿಯಲ್ಲಿ ಅದು ಎರಡೇ ಬೈಟ್, 15 ಮತ್ತು 5. ಅದನ್ನು ಕೊಡುವ ಮೊದಲು ಆರ್‌ಎಎಕ್ಸ್ ಎಂಬ ರಿಜಿಸ್ಟರಿನಲ್ಲಿ ಯಾವ ಕೆಲಸ ಬೇಕು ಎಂಬುದರ ನಂಬರನ್ನು ಇಡಬೇಕು. ಆ ಕೆಲಸಕ್ಕೆ ಬೇಕಾದ ವಿವರಗಳನ್ನು, ಆರರವರೆಗೆ, ಆರ್‌ಡಿಐ, ಆರ್‌ಎಸ್‌ಐ, ಆರ್‌ಡಿಎಕ್ಸ್, ಆರ್10, ಆರ್8, ಆರ್9 ಎಂಬ ಖಾನೆಗಳಲ್ಲಿ ಇದೇ ಕ್ರಮದಲ್ಲಿ ತುಂಬಬೇಕು. ಸಿಸ್‌ಕಾಲ್ ಎಂದ ಕೂಡಲೇ ಪ್ರೊಸೆಸರ್ ತನ್ನ ಸ್ಥಿತಿ ಬದಲಿಸಿ, ಕಂಪ್ಯೂಟರ್ ಏಳುವಾಗಲೇ ಕರ್ನಲ್ ಗುರುತು ಹಾಕಿಟ್ಟ ವಿಳಾಸಕ್ಕೆ ಜಿಗಿಯುತ್ತದೆ. ಅಲ್ಲಿ ಕರ್ನಲ್ ಆರ್‌ಎಎಕ್ಸ್ ನೋಡಿ ತನ್ನ ಕೋಷ್ಟಕದಲ್ಲಿ ಆ ನಂಬರಿನ ಕೆಲಸವನ್ನು ಹುಡುಕುತ್ತದೆ.

ಲಿನಕ್ಸಿನ ಆ ಕೋಷ್ಟಕದಲ್ಲಿ 41 ಎಂದರೆ ಸಾಕೆಟ್.

ಸಾಕೆಟ್ ಪ್ರೋಗ್ರಾಮಿಂಗ್ ಎಂಬ ದೊಡ್ಡ ಹೆಸರಿನ ಈ ವಿದ್ಯೆಯಲ್ಲಿ ಪ್ರೋಗ್ರಾಮ್ ನೆಟ್‌ವರ್ಕನ್ನು ಎಲ್ಲಿಯೂ ಮುಟ್ಟುವುದಿಲ್ಲ ಎಂಬುದು ಅಸೆಂಬ್ಲಿಯಲ್ಲಿ ಬರೆದಾಗ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಅದು ಮಾಡುವುದು ಅರ್ಜಿ ತುಂಬುವ ಕೆಲಸ. ಸರಿಯಾದ ಖಾನೆಯಲ್ಲಿ ಸರಿಯಾದ ಸಂಖ್ಯೆ ಇಟ್ಟು, ಬಾಗಿಲು ತಟ್ಟಿ, ಉತ್ತರಕ್ಕೆ ಕಾಯುವುದು. ಆ ಸಂಖ್ಯೆಗಳು ಎಲ್ಲಿಂದ ಬಂದವು ಎಂದು ಹಿಂದಕ್ಕೆ ಹುಡುಕುತ್ತ ಹೋದರೆ ಒಂದೊಂದರ ಹಿಂದೆಯೂ ಯಾವುದೋ ಒಂದು ವರ್ಷ, ಯಾರೋ ಕೆಲವರು ಕೂತು ಮಾಡಿದ ತೀರ್ಮಾನ ಸಿಗುತ್ತದೆ.

ಮೊದಲ ಅರ್ಜಿ ಹೀಗಿರುತ್ತದೆ. ಆರ್‌ಎಎಕ್ಸ್‌ನಲ್ಲಿ 41. ಆರ್‌ಡಿಐಯಲ್ಲಿ 2, ಅಂದರೆ ಹಳೆಯ ನಾಲ್ಕು ಬೈಟಿನ ಇಂಟರ್ನೆಟ್ ವಿಳಾಸಗಳ ಕುಟುಂಬ. ಆರ್‌ಎಸ್‌ಐಯಲ್ಲಿ 1, ಅಂದರೆ ಬೈಟುಗಳು ಕ್ರಮ ತಪ್ಪದೆ ಹರಿಯುವ ಸಂಪರ್ಕ. ಆರ್‌ಡಿಎಕ್ಸ್‌ನಲ್ಲಿ 0, ಅಂದರೆ ಇದಕ್ಕೆ ಒಪ್ಪುವ ನಿಯಮಾವಳಿಯನ್ನು ನೀನೇ ಆರಿಸಿಕೋ. ಕರ್ನಲ್ ಟಿಸಿಪಿಯನ್ನು ಆರಿಸಿಕೊಳ್ಳುತ್ತದೆ. ಸಿಸ್‌ಕಾಲ್. ಮರಳಿ ಬಂದಾಗ ಆರ್‌ಎಎಕ್ಸ್‌ನಲ್ಲಿ 3 ಕೂತಿರುತ್ತದೆ.

ಆ 3 ಸಾಕೆಟ್ಟೇ? ದೇವಸ್ಥಾನದ ಮುಂದೆ ಚಪ್ಪಲಿ ಬಿಟ್ಟಾಗ ಕೈಗೆ ಬರುವ ಬಿಲ್ಲೆಯನ್ನು ನೆನೆಯಬಹುದು. ಬಿಲ್ಲೆ ಚಪ್ಪಲಿಯಲ್ಲ, ಒಳಗಿನ ಗೂಡಿನ ನಂಬರು ಅಷ್ಟೆ. ನಿಜವಾದ ಸಾಕೆಟ್, ಅಂದರೆ ಬಂದ ಬೈಟುಗಳ ಸರತಿ, ಹೋಗಬೇಕಾದವುಗಳ ಸರತಿ, ಸಂಪರ್ಕದ ಸ್ಥಿತಿಗತಿ ಎಲ್ಲವೂ ಕರ್ನಲ್ಲಿನ ಮೆಮೊರಿಯಲ್ಲಿ ಭದ್ರವಾಗಿವೆ. 0, 1, 2 ಎಂಬ ಬಿಲ್ಲೆಗಳು ಹುಟ್ಟುವಾಗಲೇ ಹಂಚಿಹೋಗಿವೆ: ಕೀಲಿಮಣೆಯಿಂದ ಬರುವುದು, ಪರದೆಗೆ ಹೋಗುವುದು, ದೋಷದ ಸಂದೇಶ. ಖಾಲಿಯಿರುವ ಅತಿ ಚಿಕ್ಕ ನಂಬರನ್ನು ಕೊಡಬೇಕೆಂಬುದು ಯುನಿಕ್ಸಿನ ಹಳೆಯ ನಿಯಮ. ಆದ್ದರಿಂದ 3.

ಫೈಲಿಗೂ ಸಾಕೆಟ್ಟಿಗೂ ಒಂದೇ ಬಗೆಯ ಬಿಲ್ಲೆ ಇರಲಿ ಎಂಬ ಯೋಚನೆ ರೂಪುಗೊಂಡದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ. ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆಯಾದ ಡಾರ್ಪಾದ ಹಣದಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ತಂಡವೊಂದು ಯುನಿಕ್ಸನ್ನು ತಿದ್ದಿ ಬೆಳೆಸುತ್ತಿತ್ತು. ಬಿಲ್ ಜಾಯ್ ಆ ತಂಡದ ಮುಂದಾಳು. 1983ರ ಜನವರಿ 1ರಂದು ಇಂಟರ್ನೆಟ್ಟಿನ ಪೂರ್ವಜವಾದ ಅರ್ಪಾನೆಟ್ ಹಳೆಯ ನಿಯಮಾವಳಿ ಬಿಟ್ಟು ಟಿಸಿಪಿ/ಐಪಿಗೆ ಬದಲಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಸಾಕೆಟ್ಟುಗಳನ್ನು ಹೊತ್ತ 4.2ಬಿಎಸ್‌ಡಿ ಆವೃತ್ತಿ ಹೊರಬಂತು. ಅದು ಓಡುತ್ತಿದ್ದುದು ಡಿಜಿಟಲ್ ಕಂಪನಿಯ ವ್ಯಾಕ್ಸ್ ಯಂತ್ರಗಳ ಮೇಲೆ. ವ್ಯಾಕ್ಸಿನಲ್ಲಿ ಬೇಲಿ ದಾಟಿಸುವ ಆಜ್ಞೆಗೆ ಸಿಎಚ್‌ಎಂಕೆ ಎಂದು ಹೆಸರು, ‘ಕರ್ನಲ್ ಸ್ಥಿತಿಗೆ ಬದಲಾಗು’ ಎಂದು ಅರ್ಥ. ಅಲ್ಲಿ ಸಾಕೆಟ್ ಕರೆಯ ನಂಬರು 97.

ವ್ಯಾಕ್ಸ್ ಯಂತ್ರಗಳು ವಸ್ತುಸಂಗ್ರಹಾಲಯ ಸೇರಿ ಎಷ್ಟೋ ಕಾಲವಾಯಿತು. 97 ಮಾತ್ರ ಇನ್ನೂ ದುಡಿಯುತ್ತಿದೆ. ಬರ್ಕ್ಲಿಯ ವಂಶಕ್ಕೆ ಸೇರಿದ ಫ್ರೀಬಿಎಸ್‌ಡಿಯಲ್ಲಿ, ಆಪಲ್‌ನ ಮ್ಯಾಕ್‌ಓಎಸ್‌ನಲ್ಲಿ ಸಾಕೆಟ್ ಬೇಕಾದರೆ ಇಂದಿಗೂ ಕೊಡಬೇಕಾದ್ದು ಅದೇ ಸಂಖ್ಯೆ. ಲಿನಕ್ಸ್ ಬೇರೆ ಮನೆತನ, ಅದರ ಕೋಷ್ಟಕ ಬೇರೆ. ಅದರೊಳಗೂ ಪ್ರೊಸೆಸರಿಗೆ ತಕ್ಕಂತೆ ನಂಬರು ಬದಲಾಗುತ್ತದೆ. ಈ ಪುಟ ಓದುತ್ತಿರುವವರ ಜೇಬಿನಲ್ಲಿ ಆಂಡ್ರಾಯ್ಡ್ ಫೋನ್ ಇದ್ದರೆ, ಅದರೊಳಗಿರುವುದು ಬಹುಮಟ್ಟಿಗೆ 64 ಬಿಟ್ ಎಆರ್‌ಎಂ ಪ್ರೊಸೆಸರ್. ಅಲ್ಲಿ ಆಜ್ಞೆಯ ಹೆಸರು ಎಸ್‌ವಿಸಿ, ನಂಬರು ಇಡುವ ಖಾನೆ ಎಕ್ಸ್8, ಸಾಕೆಟ್ಟಿನ ಸಂಖ್ಯೆ 198. ವಾಟ್ಸ್‌ಆ್ಯಪ್ ತೆರೆದಾಗ, ಹಣ ಕಳಿಸಿದಾಗ, ಹಾಡು ಕೇಳಿದಾಗ ಈ 198 ಯಾವುದೋ ಒಂದು ಗಳಿಗೆಯಲ್ಲಿ ಆ ಖಾನೆಯೊಳಗೆ ಇಳಿದು ಹೋಗಿರುತ್ತದೆ.

ಬರ್ಕ್ಲಿಯ ದಾರಿಯೇ ಏಕೈಕ ದಾರಿಯಾಗಿರಲಿಲ್ಲ. ಯುನಿಕ್ಸ್ ಹುಟ್ಟಿದ ಬೆಲ್ ಲ್ಯಾಬ್ಸಿನವರು ಆಮೇಲೆ ಕಟ್ಟಿದ ಪ್ಲಾನ್ 9 ಎಂಬ ವ್ಯವಸ್ಥೆಯಲ್ಲಿ ಸಾಕೆಟ್ಟಿಗೆ ಎಂದು ಯಾವ ಕರೆಯೂ ಇಲ್ಲ. ನೆಟ್‌ವರ್ಕ್ ಅಲ್ಲಿ ಫೈಲುಗಳ ಒಂದು ಕೋಶ. ಒಂದು ಫೈಲು ತೆರೆದು ‘ಈ ವಿಳಾಸಕ್ಕೆ ಸಂಪರ್ಕ ಬೇಕು’ ಎಂದು ಅಕ್ಷರಗಳಲ್ಲೇ ಬರೆದರೆ ಸಂಪರ್ಕ ಸಿಗುತ್ತದೆ. ಅಸೆಂಬ್ಲಿಯಲ್ಲಿ ಬರೆಯುವವರಿಗೆ ಅದಕ್ಕಿಂತ ಸರಳವಾದದ್ದು ಇರಲಿಕ್ಕಿಲ್ಲ. ಲೋಕ ಅದನ್ನು ಒಪ್ಪಿಕೊಳ್ಳದೇ ಹೋದದ್ದು ನಷ್ಟವೇ ಸರಿ.

ಎರಡನೆಯ ಅರ್ಜಿ ಬೈಂಡ್, ನಂಬರು 49. ಈ ಸಾಕೆಟ್ಟಿಗೆ ಇಂಥ ವಿಳಾಸ ಎಂದು ಹೆಸರಿಡುವ ಶಾಸ್ತ್ರ. ಆರ್‌ಡಿಐಯಲ್ಲಿ ಬಿಲ್ಲೆ 3. ಆರ್‌ಎಸ್‌ಐಯಲ್ಲಿ ಮೆಮೊರಿಯ ಒಂದು ಜಾಗದ ವಿಳಾಸ. ಆರ್‌ಡಿಎಕ್ಸ್‌ನಲ್ಲಿ 16, ಏಕೆಂದರೆ ಅಲ್ಲಿರುವುದು 16 ಬೈಟುಗಳ ಒಂದು ಚೀಟಿ. ಮೊದಲ ಎರಡು ಬೈಟು ಕುಟುಂಬಕ್ಕೆ, ನಂತರದ ಎರಡು ಪೋರ್ಟಿಗೆ, ಆಮೇಲೆ ನಾಲ್ಕು ಐಪಿ ವಿಳಾಸಕ್ಕೆ. ಉಳಿದ ಎಂಟು ಬೈಟು ಖಾಲಿ, ಬರೀ ಸೊನ್ನೆ.

ಇಲ್ಲಿಗೆ ಬಂದವರು ತಪ್ಪದೆ ಎಡವುವ ಕಲ್ಲೊಂದಿದೆ.

8080 ಒಂದು ಬೈಟಿನಲ್ಲಿ ಹಿಡಿಸುವುದಿಲ್ಲ. ಎರಡು ಬೈಟುಗಳಲ್ಲಿ ಅದು 31 ಮತ್ತು 144, ಏಕೆಂದರೆ 31ನ್ನು 256ರಿಂದ ಗುಣಿಸಿ 144 ಕೂಡಿದರೆ 8080. ಇವೆರಡರಲ್ಲಿ ಮೊದಲು ಇಡಬೇಕಾದ್ದು ಯಾವುದು? ಇಂಟೆಲ್ ವಂಶದ ಪ್ರೊಸೆಸರುಗಳು ಚಿಕ್ಕ ಸ್ಥಾನದ ಬೈಟನ್ನು ಮೊದಲು ಇಡುತ್ತವೆ, ಅಂದರೆ 144, 31. ಇಂಟರ್ನೆಟ್ಟಿನ ನಿಯಮ ದೊಡ್ಡದು ಮೊದಲು ಎನ್ನುತ್ತದೆ, ಅಂದರೆ 31, 144. ಪ್ರೋಗ್ರಾಮರ್ 8080 ಎಂದು ನೇರವಾಗಿ ಬರೆದು ಸುಮ್ಮನಾದರೆ ಕರ್ನಲ್ ಅದನ್ನು ತಿರುಗಿಸಿ 36895 ಎಂದು ಓದುತ್ತದೆ. ದೋಷದ ಸಂದೇಶ ಬರುವುದಿಲ್ಲ, ಯಾಕೆಂದರೆ 36895 ಕೂಡ ಸಾಚಾ ಪೋರ್ಟೇ. ಸರ್ವರ್ ಆ ಪೋರ್ಟಿನಲ್ಲಿ ಕೂತು ಕಾಯುತ್ತದೆ, ಬ್ರೌಸರ್ 8080ರಲ್ಲಿ ಬಂದು ಯಾರೂ ಇಲ್ಲವೆಂದು ಮರಳುತ್ತದೆ.

ಕರ್ನಾಟಕ ಸಂಗೀತ ಕಲಿತವರಿಗೆ ಈ ತಿರುವು ಹೊಸದಲ್ಲ. ಪುರಂದರದಾಸರು ಹಾಕಿಕೊಟ್ಟರೆನ್ನಲಾದ ಪದ್ಧತಿಯಂತೆ ಮಕ್ಕಳ ಮೊದಲ ಪಾಠ ಮಾಯಾಮಾಳವಗೌಳ ರಾಗದಲ್ಲಿ. ಮೇಳಕರ್ತ ರಾಗಗಳ ಹೆಸರಿನೊಳಗೇ ಅವುಗಳ ಕ್ರಮಸಂಖ್ಯೆಯನ್ನು ಕಟಪಯಾದಿ ಲೆಕ್ಕದಲ್ಲಿ ಅಡಗಿಸಿದ್ದಾರೆ. ‘ಮಾ’ ಎಂದರೆ 5, ‘ಯಾ’ ಎಂದರೆ 1. ಬರೆದಂತೆ ಓದಿದರೆ 51. ಆದರೆ ಕಟಪಯಾದಿಯಲ್ಲಿ ಬಿಡಿ ಸ್ಥಾನ ಮೊದಲು ಬರುತ್ತದೆ, ಹಾಗಾಗಿ ಆ ರಾಗ 15ನೆಯ ಮೇಳ. ಧೀರಶಂಕರಾಭರಣದಲ್ಲಿ 9 ಮತ್ತು 2 ಬಂದು, ತಿರುಗಿ 29ನೆಯ ಮೇಳವಾಗುತ್ತದೆ. ಇಂಟೆಲ್ ಪ್ರೊಸೆಸರ್ ಸಂಖ್ಯೆ ಇಡುವುದು ಕಟಪಯಾದಿಯ ದಿಕ್ಕಿನಲ್ಲಿ, ಇಂಟರ್ನೆಟ್ ಇಡುವುದು ನಾವು ಕಾಗದದ ಮೇಲೆ ಅಂಕಿ ಬರೆಯುವ ದಿಕ್ಕಿನಲ್ಲಿ.

ಈ ಎರಡು ಪಂಗಡಗಳಿಗೆ ಇಂಗ್ಲಿಷಿನಲ್ಲಿ ಹೆಸರು ಬಂದದ್ದು 1980ರ ಏಪ್ರಿಲ್ 1ರಂದು ಡ್ಯಾನಿ ಕೋಹೆನ್ ಎಂಬ ಕಂಪ್ಯೂಟರ್ ವಿಜ್ಞಾನಿ ಬರೆದ ಟಿಪ್ಪಣಿಯಿಂದ. ಮೊಟ್ಟೆಯನ್ನು ದಪ್ಪ ತುದಿಯಿಂದ ಒಡೆಯಬೇಕೋ ಚೂಪು ತುದಿಯಿಂದಲೋ ಎಂದು ಯುದ್ಧಕ್ಕಿಳಿಯುವ ಜನರ ಕಥೆ ಜೊನಾಥನ್ ಸ್ವಿಫ್ಟ್ 1726ರಲ್ಲಿ ಪ್ರಕಟಿಸಿದ ಗಲಿವರನ ಪ್ರವಾಸಗಳಲ್ಲಿ ಇದೆ. ಕೋಹೆನ್ ಅಲ್ಲಿಂದ ‘ಬಿಗ್ ಎಂಡಿಯನ್’, ‘ಲಿಟ್ಲ್ ಎಂಡಿಯನ್’ ಎಂಬ ಹೆಸರುಗಳನ್ನು ತಂದರು. ಯಾವುದಾದರೂ ಸರಿ, ಎಲ್ಲರೂ ಒಂದನ್ನೇ ಒಪ್ಪಿಕೊಳ್ಳಿ ಎಂಬುದು ಅವರ ಮೊರೆ. ಪ್ರೊಸೆಸರ್ ಮಾಡುವವರು ಒಪ್ಪಲಿಲ್ಲ. ಬರ್ಕ್ಲಿಯ ವ್ಯಾಕ್ಸ್ ಚೂಪು ತುದಿಯ ಪಂಗಡ, ಅದೇ ಕಾಲದ ಸನ್ ಕಂಪನಿಯ ಯಂತ್ರಗಳಲ್ಲಿದ್ದ ಮೊಟೊರೊಲಾ 68000 ದಪ್ಪ ತುದಿಯ ಪಂಗಡ. ಬೈಟು ತಿರುಗಿಸಲು ಮರೆತ ಪ್ರೋಗ್ರಾಮ್ ಸನ್‌ನಲ್ಲಿ ಸಲೀಸಾಗಿ ಓಡಿ, ವ್ಯಾಕ್ಸಿಗೆ ಬಂದ ಕೂಡಲೇ ಕೆಡುತ್ತಿತ್ತು.

ಸಿ ಭಾಷೆಯಲ್ಲಿ ಇದಕ್ಕೆಂದೇ ಫಂಕ್ಷನ್ ಇದೆ, ಹೆಸರು ನೆನಪಿಟ್ಟು ಕರೆದರೆ ಸಾಕು, ಒಳಗೇನಾಗುತ್ತದೆ ಎಂದು ಯೋಚಿಸಬೇಕಿಲ್ಲ. ಅಸೆಂಬ್ಲಿಯಲ್ಲಿ ಫಂಕ್ಷನ್ನೂ ಬೇಡ. ಚೀಟಿಯಲ್ಲಿ ಬೈಟುಗಳನ್ನೇ ಒಂದೊಂದಾಗಿ ಬರೆದರಾಯಿತು: 2, 0, ಆಮೇಲೆ 31, 144, ಆಮೇಲೆ 127, 0, 0, 1, ಆಮೇಲೆ ಎಂಟು ಸೊನ್ನೆ. ಹಾಗೆ ಕೈಯಾರೆ ಬರೆದವರಿಗೆ ಈ ವಿಷಯ ಮತ್ತೆ ಮರೆಯುವುದಿಲ್ಲ.

ಬೈಂಡ್ ಮೊದಲ ಸಲ ಸರಾಗವಾಗಿ ಆಗುತ್ತದೆ. ಸರ್ವರನ್ನು ನಿಲ್ಲಿಸಿ ಏನೋ ತಿದ್ದಿ ಮತ್ತೆ ಓಡಿಸಿದರೆ ಆರ್‌ಎಎಕ್ಸ್‌ನಲ್ಲಿ ಬೆಚ್ಚಿಬೀಳಿಸುವ ಸಂಖ್ಯೆಯೊಂದು ಕಾಣಿಸಬಹುದು: 18446744073709551518. ಇದು ಋಣಸಂಖ್ಯೆಯ ವೇಷ. ಲಿನಕ್ಸಿನ ಒಪ್ಪಂದದಲ್ಲಿ ‑1ರಿಂದ ‑4095ರವರೆಗಿನ ಉತ್ತರ ಬಂದರೆ ಅದು ದೋಷದ ಸಂಕೇತ. 64 ಬಿಟ್‌ಗಳಲ್ಲಿ ‑98ನ್ನು ಧನಸಂಖ್ಯೆಯೆಂದು ಓದಿದರೆ ಇಷ್ಟುದ್ದ ಕಾಣುತ್ತದೆ. 98 ಎಂದರೆ ‘ಆ ವಿಳಾಸ ಈಗಾಗಲೇ ಬಳಕೆಯಲ್ಲಿದೆ’. ಸರ್ವರ್ ತಾನಾಗಿ ಮುಚ್ಚಿದ ಸಂಪರ್ಕವನ್ನು ಟಿಸಿಪಿ ತಕ್ಷಣ ಮರೆಯುವುದಿಲ್ಲ. ದಾರಿಯಲ್ಲಿ ತಡವಾಗಿ ಬರುತ್ತಿರುವ ಹಳೆಯ ಪ್ಯಾಕೆಟ್ ಹೊಸ ಸಂಪರ್ಕದೊಳಗೆ ನುಸುಳಬಾರದೆಂದು ಲಿನಕ್ಸ್ ಅದನ್ನು 60 ಸೆಕೆಂಡು ನೆನಪಿಟ್ಟುಕೊಂಡಿರುತ್ತದೆ. ಅಷ್ಟರೊಳಗೆ ಅದೇ ಪೋರ್ಟ್ ಕೇಳಿದರೆ ‑98.

‘ಪರವಾಗಿಲ್ಲ, ಕೊಡು’ ಎಂದು ಹೇಳಲು ಬೈಂಡಿಗೂ ಮುಂಚೆ ಕೊಡಬೇಕಾದ ಇನ್ನೊಂದು ಅರ್ಜಿಯಿದೆ. ಅದರ ನಂಬರು 54, ವಿವರಗಳು ಐದು. ನಾಲ್ಕನೆಯದು ಹೋಗಬೇಕಾದ್ದು ಆರ್10ಕ್ಕೆ. ಇದು ಅಸೆಂಬ್ಲಿ ಬರೆಯುವವರ ಎರಡನೆಯ ಎಡವುಗಲ್ಲು. ಒಂದೇ ಪ್ರೋಗ್ರಾಮಿನೊಳಗೆ ಫಂಕ್ಷನ್ನುಗಳು ಪರಸ್ಪರ ಕರೆಯುವಾಗ ನಾಲ್ಕನೆಯ ವಿವರ ಇರುವುದು ಆರ್‌ಸಿಎಕ್ಸ್ ಖಾನೆಯಲ್ಲಿ. ಕರ್ನಲ್ಲಿಗೆ ಕರೆ ಹೋಗುವಾಗ ಮಾತ್ರ ಆರ್10. ಕಾರಣ ಪ್ರೊಸೆಸರಿನಲ್ಲೇ ಇದೆ: ಸಿಸ್‌ಕಾಲ್ ಆಜ್ಞೆ ಮರಳಿ ಬರಬೇಕಾದ ಜಾಗದ ಗುರುತನ್ನು ಆರ್‌ಸಿಎಕ್ಸ್‌ನಲ್ಲೇ ಬರೆದಿಡುತ್ತದೆ. ಅಲ್ಲಿ ಮುಂಚೆ ಏನಿತ್ತೋ ಅದು ಅಳಿಸಿಹೋಗುತ್ತದೆ. ಇದು ತಿಳಿಯದೆ ಆರ್‌ಸಿಎಕ್ಸ್ ತುಂಬಿದವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ‑14, ಕೆಟ್ಟ ವಿಳಾಸ. ಕರ್ನಲ್ ಆರ್10ರಲ್ಲಿ ಬಿದ್ದಿದ್ದ ಯಾವುದೋ ಹಳೆಯ ಸಂಖ್ಯೆಯನ್ನು ವಿಳಾಸವೆಂದು ನಂಬಿ ಹೋಗಿ ಬರಿಗೈಯಲ್ಲಿ ಮರಳಿರುತ್ತದೆ.

ಲಿಸನ್, ನಂಬರು 50. ಕಾಯುವವರ ಸರತಿ ಎಷ್ಟುದ್ದ ಇರಬಹುದು ಎಂದು ಹೇಳುವುದಷ್ಟೇ ಕೆಲಸ. ಆಕ್ಸೆಪ್ಟ್, ನಂಬರು 43. ಇಲ್ಲಿ ಪ್ರೋಗ್ರಾಮ್ ನಿದ್ದೆಗೆ ಜಾರುತ್ತದೆ. ಯಾರಾದರೂ ಬರುವವರೆಗೆ ಪ್ರೊಸೆಸರಿನ ಒಂದು ಕ್ಷಣವನ್ನೂ ಅದು ಬಳಸುವುದಿಲ್ಲ. ಬ್ರೌಸರ್ ಬಂದಾಗ ನಡೆಯುವ ಟಿಸಿಪಿಯ ಮೂರು ಹೆಜ್ಜೆಯ ಪರಿಚಯದಲ್ಲಿ, ‘ಬರಲೇ’, ‘ಬಾ, ನಾನೂ ಸಿದ್ಧ’, ‘ಸರಿ’ ಎಂಬಷ್ಟು ಮಾತಿನಲ್ಲಿ, ಪ್ರೋಗ್ರಾಮಿಗೆ ಯಾವ ಪಾತ್ರವೂ ಇಲ್ಲ. ಅದೆಲ್ಲವನ್ನೂ ಕರ್ನಲ್ ಮುಗಿಸಿ ಬಂದವರನ್ನು ಸರತಿಯಲ್ಲಿ ಕೂರಿಸಿರುತ್ತದೆ. ಆಕ್ಸೆಪ್ಟ್ ಎಂದರೆ ಸ್ವೀಕರಿಸು ಎಂದು ಅರ್ಥವಾದರೂ, ಅದು ನಿಜವಾಗಿ ಮಾಡುವುದು ಆಗಲೇ ಸ್ವೀಕೃತವಾದ ಸಂಪರ್ಕಕ್ಕೆ ಹೊಸ ಬಿಲ್ಲೆ ಪಡೆಯುವ ಕೆಲಸ. ಬಿಲ್ಲೆ 3 ಬಾಗಿಲು ಕಾಯಲು ಉಳಿಯುತ್ತದೆ, ಒಳಬಂದ ಅತಿಥಿಗೆ ಬಿಲ್ಲೆ 4.

ಇಲ್ಲಿಂದ ಮುಂದೆ ಬರ್ಕ್ಲಿಯವರ ಜಾಣತನ ಫಲ ಕೊಡುತ್ತದೆ. ಸಾಕೆಟ್ಟಿನಿಂದ ಓದಲು ಬೇರೆ ವಿದ್ಯೆ ಬೇಕಿಲ್ಲ, ಫೈಲು ಓದುವ 0 ನಂಬರಿನ ರೀಡ್ ಕರೆಯೇ ಸಾಕು. ಬರೆಯಲು 1 ನಂಬರಿನ ರೈಟ್. ಬ್ರೌಸರ್ ಕಳಿಸಿದ ಕೋರಿಕೆಯನ್ನು ಒಂದು ರೀಡ್‌ನಲ್ಲಿ ನುಂಗಿಕೊಂಡು, ಮೆಮೊರಿಯಲ್ಲಿ ಮೊದಲೇ ಬರೆದಿಟ್ಟ ಉತ್ತರವನ್ನು ರೈಟ್‌ನಲ್ಲಿ ಕಳಿಸಬೇಕು. ಉತ್ತರದ ತಲೆಬರಹದಲ್ಲಿ ‘ಎಲ್ಲ ಸರಿ’ ಎನ್ನುವ 200 ಇರಬೇಕು, ಹಿಂದೆ ಬರುವ ಪಠ್ಯ ಎಷ್ಟು ಬೈಟ್ ಎಂಬುದು ಇರಬೇಕು.

‘ನಮಸ್ಕಾರ’ ಎಷ್ಟು ಬೈಟ್? ಕನ್ನಡ ಶಾಲೆಯಲ್ಲಿ ಓದಿದವರು ನಾಲ್ಕು ಅಕ್ಷರ ಎನ್ನುತ್ತಾರೆ: ನ, ಮ, ಸ್ಕಾ, ರ. ಯುನಿಕೋಡ್ ಏಳು ಸಂಕೇತ ಎನ್ನುತ್ತದೆ, ಏಕೆಂದರೆ ‘ಸ್ಕಾ’ ಅದರ ಪ್ರಕಾರ ಸ, ಅರ್ಧಾಕ್ಷರದ ಚಿಹ್ನೆ, ಕ, ಆಕಾರದ ಚಿಹ್ನೆ ಎಂಬ ನಾಲ್ಕರ ಕೂಟ. ಅಸೆಂಬ್ಲಿ ಕೇಳುವುದು ಇವೆರಡನ್ನೂ ಅಲ್ಲ. ಯುಟಿಎಫ್‑8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಏಳು ಮೂರಲ 21. ಆರ್‌ಡಿಎಕ್ಸ್‌ನಲ್ಲಿ ತಲೆಬರಹದ ಉದ್ದಕ್ಕೆ ಈ 21 ಸೇರಿಸಬೇಕು. ನಾಲ್ಕೆಂದು ತಪ್ಪು ಲೆಕ್ಕ ಹಾಕಿದರೆ ‘ನ’ ಹೋಗಿ, ‘ಮ’ದ ಮೊದಲ ಬೈಟಿಗೆ ಮಾತು ನಿಂತುಬಿಡುತ್ತದೆ. ಮೆಮೊರಿಯಲ್ಲಿ ‘ನ’ ಎಂದರೆ 224, 178, 168. ಕನ್ನಡದ ಯಾವ ಸಂಕೇತವನ್ನೇ ತೆಗೆದುಕೊಂಡರೂ ಅದರ ಮೊದಲ ಬೈಟ್ 224, ಎರಡನೆಯದು 178 ಅಥವಾ 179. ಪಂಪನ ಕಾವ್ಯವಾಗಲಿ ಇವತ್ತಿನ ಬಸ್ ವೇಳಾಪಟ್ಟಿಯಾಗಲಿ, ತಂತಿಯ ಮೇಲೆ ಹೋಗುವಾಗ ಬಹುಮಟ್ಟಿಗೆ ಪ್ರತಿ ಮೂರನೆಯ ಹೆಜ್ಜೆಗೂ ಈ 224ರ ತಾಳ ಬೀಳುತ್ತಲೇ ಇರುತ್ತದೆ.

ಟಿಸಿಪಿ ಬೈಟುಗಳ ಕ್ರಮವನ್ನು ಕಾಪಾಡುತ್ತದೆ, ಕಂತುಗಳನ್ನು ಕಾಪಾಡುವುದಿಲ್ಲ. ಒಂದೇ ರೈಟ್‌ನಲ್ಲಿ ಕಳಿಸಿದ 21 ಬೈಟ್ ಆ ಕಡೆ ಎರಡು ರೀಡ್‌ಗಳಲ್ಲಿ ಬರಬಹುದು. ಮೊದಲ ಕಂತಿನಲ್ಲಿ 10 ಬಂದವು ಎನ್ನೋಣ. ನ, ಮ, ಸ ಪೂರ್ತಿ ಬಂದಿವೆ, ಅರ್ಧಾಕ್ಷರದ ಚಿಹ್ನೆಯ 224 ಮಾತ್ರ ಬಂದಿದೆ. ಓದುವ ಪ್ರೋಗ್ರಾಮ್ ಉಳಿದ 11ಕ್ಕೆ ಕಾಯದೆ ಅಲ್ಲಿಗೇ ಅಕ್ಷರ ಮಾಡಲು ಹೊರಟರೆ ಪರದೆಯ ಮೇಲೆ ಪ್ರಶ್ನಾರ್ಥಕದ ಕಪ್ಪು ವಜ್ರ ಮೂಡಬಹುದು. ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕಾಗುವ ಇಂಗ್ಲಿಷಿನಲ್ಲಿ ಪರೀಕ್ಷೆ ಮಾಡಿದವರಿಗೆ ಈ ತಪ್ಪು ಗೋಚರಿಸುವುದೇ ಇಲ್ಲ. ಕನ್ನಡದಲ್ಲಿ ಬರೆದು ಪರೀಕ್ಷಿಸಿದವರಿಗೆ ಬೇಗ ಸಿಗುತ್ತದೆ.

ಕೊನೆಗೆ ಕ್ಲೋಸ್, ನಂಬರು 3. ಬಿಲ್ಲೆ ಹಿಂದಿರುಗಿಸುವುದು. ಮರೆತರೂ ಸರ್ವರ್ ಚೆನ್ನಾಗಿಯೇ ಓಡುತ್ತದೆ, ಸ್ವಲ್ಪ ಹೊತ್ತು. ಒಂದು ಪ್ರೋಗ್ರಾಮಿಗೆ ಸಾಮಾನ್ಯವಾಗಿ ಸಿಗುವ ಬಿಲ್ಲೆಗಳು 1024. ನಾಲ್ಕು ಆಗಲೇ ಹೋಗಿವೆ. 1020 ಅತಿಥಿಗಳಾದ ಮೇಲೆ 1021ನೆಯವರಿಗೆ ಬಾಗಿಲಲ್ಲೇ ‑24.

ಇಷ್ಟನ್ನೆಲ್ಲ ಸೇರಿಸಿದರೂ ಸರ್ವರ್ ಪುಟಾಣಿ. ಲಿನಕ್ಸ್ ಓಡಿಸಬಲ್ಲ ಫೈಲಿಗೆ ಬೇಕಾದ ಕನಿಷ್ಠ ಮುನ್ನುಡಿ 64 ಮತ್ತು 56 ಸೇರಿ 120 ಬೈಟ್. ಅದನ್ನೂ ಕೂಡಿಸಿ ಇಡೀ ಪ್ರೋಗ್ರಾಮ್ ಒಂದು ಕಿಲೋಬೈಟಿನೊಳಗೆ ಆರಾಮವಾಗಿ ಕೂರುತ್ತದೆ.

ಇಷ್ಟು ಚಿಕ್ಕದಾಗಿರುವುದೇ ಇದರ ಅಪಾಯವೂ ಹೌದು. 1988ರ ನವೆಂಬರ್ 2ರಂದು ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಬಿಟ್ಟ ಹುಳು, ಅಂದರೆ ತಾನೇ ತಾನಾಗಿ ಹರಡುವ ಪ್ರೋಗ್ರಾಮ್, ಇಂಟರ್ನೆಟ್ಟಿಗೆ ಮೊದಲ ದೊಡ್ಡ ಆಘಾತ ಕೊಟ್ಟಿತು. ಅದು ನುಸುಳಿದ ದಾರಿಗಳಲ್ಲಿ ಒಂದು, ಬಳಕೆದಾರರ ಮಾಹಿತಿ ಕೊಡುವ ಫಿಂಗರ್ ಎಂಬ ಸೇವೆ. ಆ ಸೇವೆ ಬಂದ ಪಠ್ಯವನ್ನು ಉದ್ದ ನೋಡದೆ 512 ಬೈಟಿನ ಜಾಗಕ್ಕೆ ಸುರಿದುಕೊಳ್ಳುತ್ತಿತ್ತು. ಹುಳು ಅದಕ್ಕಿಂತ ಉದ್ದದ ಪಠ್ಯ ಕಳಿಸಿತು, ಅದರೊಳಗೆ ವ್ಯಾಕ್ಸಿನ ಕೆಲವೇ ಆಜ್ಞೆಗಳಿದ್ದವು. ಅವು ಕೇಳಿದ್ದು ಒಂದೇ ಕರೆ, ನಂಬರು 59: ಈ ಪ್ರೋಗ್ರಾಮಿನ ಜಾಗದಲ್ಲಿ ಆಜ್ಞೆಗಳನ್ನು ಪಾಲಿಸುವ ಶೆಲ್ ಓಡಿಸು. ಸಾಕೆಟ್ ತೆರೆಯುವ ಅಗತ್ಯವೂ ಅದಕ್ಕಿರಲಿಲ್ಲ. ಫಿಂಗರ್ ಸೇವೆಯ 0 ಮತ್ತು 1 ಎಂಬ ಬಿಲ್ಲೆಗಳೇ ಹೊರಗಿನ ಸಂಪರ್ಕಕ್ಕೆ ಜೋಡಣೆಯಾಗಿದ್ದವು. ಫೈಲಿಗೂ ಸಾಕೆಟ್ಟಿಗೂ ಭೇದವಿಲ್ಲ ಎಂಬ ಚೆಲುವಾದ ಯೋಚನೆ ಅಂದು ಕಳ್ಳನಿಗೂ ಅಷ್ಟೇ ಚೆನ್ನಾಗಿ ಒದಗಿತು.

ಹದಿನಾಲ್ಕು ವರ್ಷಗಳಾದ ಮೇಲೆ, 2003ರ ಜನವರಿ 25ರಂದು, ಸ್ಲ್ಯಾಮರ್ ಎಂಬ ಇನ್ನೊಂದು ಹುಳು ಬಂತು. ಅದರ ಮೈ ಒಟ್ಟು 376 ಬೈಟ್, ಪೂರ್ತಿ ಯಂತ್ರಭಾಷೆ. ಮೈಕ್ರೋಸಾಫ್ಟಿನ ಎಸ್‌ಕ್ಯುಎಲ್ ಸರ್ವರಿನ ದೋಷವೊಂದನ್ನು ಹಿಡಿದು, 1434 ಎಂಬ ಪೋರ್ಟಿನ ಮೂಲಕ ಒಳಹೊಕ್ಕು, ಒಂದು ಸಾಕೆಟ್ ತೆರೆದು, ಮನಬಂದ ವಿಳಾಸಗಳಿಗೆ ತನ್ನದೇ ಪ್ರತಿಯನ್ನು ಬಿಡುವಿಲ್ಲದೆ ಎಸೆಯುವುದು ಅದರ ಇಡೀ ಕಾರ್ಯಕ್ರಮ. ಪರಿಚಯದ ಮೂರು ಹೆಜ್ಜೆ ಬೇಡದ ಯುಡಿಪಿಯನ್ನು ಬಳಸಿದ್ದರಿಂದ ಒಂದೇ ಪ್ಯಾಕೆಟ್ ಸಾಕಾಗುತ್ತಿತ್ತು. ಶುರುವಿನಲ್ಲಿ ಸೋಂಕಿತ ಯಂತ್ರಗಳ ಸಂಖ್ಯೆ ಪ್ರತಿ 8.5 ಸೆಕೆಂಡಿಗೆ ಇಮ್ಮಡಿಯಾಯಿತು. ಬಲಿಯಾದ ಸುಮಾರು 75,000 ಯಂತ್ರಗಳಲ್ಲಿ ಬಹುಪಾಲು ಮೊದಲ ಹತ್ತು ನಿಮಿಷಗಳಲ್ಲೇ ಬಿದ್ದವು. ಆ ದೋಷಕ್ಕೆ ತೇಪೆ ಆರು ತಿಂಗಳ ಮುಂಚೆಯೇ ಬಂದಿತ್ತು, ಆ ಯಂತ್ರಗಳವರು ಹಾಕಿಕೊಂಡಿರಲಿಲ್ಲ.

ಇಂಥ ಅಪಾಯಗಳ ಎದುರು ಕರ್ನಲ್ಲಿನ ಬಾಗಿಲಿಗೇ ಕಾವಲು ಹಾಕಬಹುದು. ಒಂದು ಪ್ರೋಗ್ರಾಮ್ ಯಾವ ನಂಬರಿನ ಕರೆ ಮಾಡಬಹುದು, ಯಾವುದನ್ನು ಮಾಡಕೂಡದು ಎಂದು ಮೊದಲೇ ಕಟ್ಟುಹಾಕುವ ಸೆಕ್‌ಕಾಂಪ್ ಲಿನಕ್ಸಿನಲ್ಲಿದೆ. ಆದರೆ ಈ ಕಾವಲುಗಾರ ನೋಡಬಲ್ಲದ್ದು ಖಾನೆಗಳಲ್ಲಿರುವ ಸಂಖ್ಯೆಗಳನ್ನು ಮಾತ್ರ, ಮೆಮೊರಿಯೊಳಗಿನ ಚೀಟಿಯನ್ನು ಬಿಚ್ಚಿ ಓದಲಾರ. ಹಳೆಯ 32 ಬಿಟ್ ಇಂಟೆಲ್ ಲಿನಕ್ಸಿನಲ್ಲಿ ಇದೇ ತೊಡಕಾಯಿತು. ಅಲ್ಲಿ ಸಾಕೆಟ್, ಬೈಂಡ್, ಲಿಸನ್ ಎಲ್ಲಕ್ಕೂ ಸೇರಿ 102 ಎಂಬ ಒಂದೇ ಬಾಗಿಲಿತ್ತು. ಒಂದು ಖಾನೆಯಲ್ಲಿ ಉಪನಂಬರು (1 ಎಂದರೆ ಸಾಕೆಟ್, 2 ಎಂದರೆ ಬೈಂಡ್), ಇನ್ನೊಂದರಲ್ಲಿ ಉಳಿದ ವಿವರಗಳೆಲ್ಲ ಇರುವ ಚೀಟಿಯ ವಿಳಾಸ. ಯಾವ ಕುಟುಂಬದ ಸಾಕೆಟ್ ಕೇಳುತ್ತಿದ್ದಾರೆ ಎಂಬುದು ಚೀಟಿಯೊಳಗೆ ಅಡಗಿ ಕಾವಲುಗಾರನ ಕಣ್ಣಿಗೆ ಬೀಳುತ್ತಿರಲಿಲ್ಲ. 2015ರ 4.3 ಆವೃತ್ತಿಯಲ್ಲಿ ಅವಕ್ಕೆಲ್ಲ ಬೇರೆ ಬೇರೆ ನಂಬರು ಸಿಕ್ಕಿತು, ಸಾಕೆಟ್ಟಿಗೆ 359. 102 ಕೂಡ ಉಳಿಯಿತು, ಹಳೆಯ ಪ್ರೋಗ್ರಾಮುಗಳು ಅದನ್ನೇ ನಂಬಿವೆ. ಒಮ್ಮೆ ಕೊಟ್ಟ ನಂಬರನ್ನು ಹಿಂತೆಗೆದುಕೊಳ್ಳಬಾರದೆಂಬ ಲಿನಕ್ಸಿನವರ ಹಟ ಮೆಚ್ಚತಕ್ಕದ್ದು.

ಎಲ್ಲ ಮನೆಗಳಲ್ಲೂ ಆ ಹಟವಿಲ್ಲ. ವಿಂಡೋಸ್‌ನಲ್ಲಿ ಕರೆಗಳ ನಂಬರು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ, ಸಾಕೆಟ್ಟಿಗೆಂದು ನೇರ ಕರೆಯೂ ಇಲ್ಲ. ಅದಕ್ಕೇ ಸ್ಲ್ಯಾಮರ್ ಕೂಡ ಮೈಕ್ರೋಸಾಫ್ಟಿನ ಲೈಬ್ರರಿಯ ಮೂಲಕವೇ ಹೋಗಬೇಕಾಯಿತು. ಆಪಲ್ ತನ್ನ ನಂಬರುಗಳ ಬಗ್ಗೆ ಯಾವ ಭರವಸೆಯನ್ನೂ ಕೊಡುವುದಿಲ್ಲ. ಇದರ ಪೆಟ್ಟು ತಿಂದದ್ದು ಗೂಗಲ್‌ನಲ್ಲಿ ಹುಟ್ಟಿದ ಗೋ ಭಾಷೆ. ಗೋ ಕಟ್ಟಿದವರು ಸಿ ಲೈಬ್ರರಿಯನ್ನು ಬಿಟ್ಟು, ಕೈಯಾರೆ ಬರೆದ ಅಸೆಂಬ್ಲಿಯಿಂದ ನೇರವಾಗಿ ಕರ್ನಲ್ಲನ್ನು ಕರೆಯುವ ದಾರಿ ಹಿಡಿದಿದ್ದರು. 2016ರಲ್ಲಿ ಮ್ಯಾಕ್‌ಓಎಸ್ ಸಿಯೆರಾ ಬಂದಾಗ ಸಮಯ ಕೇಳುವ ಕರೆಯ ಒಳ ಒಪ್ಪಂದ ಬದಲಾಗಿ, ಹಳೆಯ ಗೋ ಆವೃತ್ತಿಗಳಲ್ಲಿ ಕಟ್ಟಿದ ಪ್ರೋಗ್ರಾಮುಗಳು ಕುಸಿದವು. ಆಮೇಲೆ ಆಪಲ್‌ನ ಯಂತ್ರಗಳಲ್ಲಿ ಗೋ ಲೈಬ್ರರಿಯ ದಾರಿಗೆ ಮರಳಿತು. ಓಪನ್‌ಬಿಎಸ್‌ಡಿ ಇನ್ನೂ ಬಿಗಿ: ಅದರ ಈಚಿನ ಆವೃತ್ತಿಗಳಲ್ಲಿ ಗುರುತು ಹಾಕಿದ ಜಾಗಗಳನ್ನು ಬಿಟ್ಟು ಬೇರೆಲ್ಲಿಂದ ಸಿಸ್‌ಕಾಲ್ ಬಂದರೂ ಪ್ರೋಗ್ರಾಮನ್ನೇ ಕೊಲ್ಲುತ್ತದೆ.

ಲಿನಕ್ಸಿನಲ್ಲಿ ಗೋ ಇಂದಿಗೂ ನೇರ ದಾರಿಯಲ್ಲೇ ಇದೆ. ಡಾಕರ್, ಕುಬರ್ನೆಟೀಸ್‌ಗಳಂಥ, ಇವತ್ತಿನ ಎಷ್ಟೋ ದೊಡ್ಡ ಜಾಲತಾಣಗಳನ್ನು ಹೊತ್ತಿರುವ ಸಾಫ್ಟ್‌ವೇರ್ ಬರೆದಿರುವುದು ಗೋದಲ್ಲಿ. ಅವು ತೆರೆಯುವ ಸಾಕೆಟ್ಟುಗಳು ಕೆಲವೇ ಸಾಲಿನ ಒಂದು ಅಸೆಂಬ್ಲಿ ಫೈಲನ್ನು ಹಾದು ಹೋಗುತ್ತವೆ. ಆ ಸಾಲುಗಳು ಮಾಡುವುದು ಈ ಅಧ್ಯಾಯದ ಸರ್ವರ್ ಮಾಡಿದ್ದನ್ನೇ: ವಿವರಗಳನ್ನು ಆರು ಖಾನೆಗಳಿಗೆ ಇಳಿಸು, ನಾಲ್ಕನೆಯದು ಆರ್10ಕ್ಕೆ ಎಂಬುದನ್ನು ಮರೆಯಬೇಡ, ನಂಬರನ್ನು ಆರ್‌ಎಎಕ್ಸ್‌ಗೆ ಹಾಕು, ಸಿಸ್‌ಕಾಲ್ ಎನ್ನು, ಬಂದ ಉತ್ತರ ‑4095ಕ್ಕೂ ‑1ಕ್ಕೂ ನಡುವೆ ಇದೆಯೇ ನೋಡು.

ಈಗ ಪುಟಾಣಿ ಸರ್ವರನ್ನು ಅಸೆಂಬಲ್ ಮಾಡಿ, ಅದರ ಪಕ್ಕ ಎಸ್‌ಟ್ರೇಸ್ ಕೂರಿಸಿ ಓಡಿಸಿದರೆ ನೂರಾರು ಸಾಲಿನ ಗದ್ದಲ ಇರುವುದಿಲ್ಲ. ಪ್ರೋಗ್ರಾಮ್ ಶುರುವಾಯಿತೆಂಬ ಒಂದು ಸಾಲು, ಅದರ ಕೆಳಗೆ ಸಾಕೆಟ್, ಉತ್ತರ 3. ವಿಳಾಸ ಮರುಬಳಕೆಯ ಅರ್ಜಿ, ಉತ್ತರ 0. ಬೈಂಡ್, 0. ಲಿಸನ್, 0. ಆಮೇಲಿನ ಸಾಲಿನಲ್ಲಿ ಆಕ್ಸೆಪ್ಟ್ ಎಂದು ಬರೆದು, 3 ಎಂದು ಬರೆದು, ಆವರಣ ಮುಚ್ಚದೆ, ಉತ್ತರ ಬರೆಯದೆ ಎಸ್‌ಟ್ರೇಸ್ ನಿಂತುಬಿಡುತ್ತದೆ. ಕರ್ಸರ್ ಅಲ್ಲೇ ಮಿನುಗುತ್ತಿರುತ್ತದೆ, ನಿಮಿಷವಾಗಲಿ, ಗಂಟೆಯಾಗಲಿ. ಪಕ್ಕದ ಕಿಟಕಿಯ ಬ್ರೌಸರಿನಲ್ಲಿ ಯಾರೋ ವಿಳಾಸ ಬರೆದು ಎಂಟರ್ ಒತ್ತುತ್ತಾರೆ. ಅರ್ಧಕ್ಕೆ ನಿಂತಿದ್ದ ಸಾಲು ಪೂರ್ತಿಯಾಗುತ್ತದೆ: ಉತ್ತರ 4.